ಶುರು ಮಾಡಲು ಐವತ್ತು ಲಕ್ಷ, ಆಮೇಲೆ ನಡುನೀರು

ಮಂಗನ ಕಾಯಿಲೆ ನಮ್ಮದೇ ನೆಲದ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಹಾಗೆ ಅದು ಮೊದಲು ಬೆಳಕಿಗೆ ಬಂತು. ಇವತ್ತಿಗೂ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ವೈರಸ್ಸಿಗೆ ಕ್ಯಾಸನೂರಿನದೇ ಹೆಸರು. ಉಣ್ಣೆ ಕಚ್ಚಿ ಹರಡುವ ಈ ಜ್ವರ ಚಳಿಗಾಲ ಮುಗಿದು ಬೇಸಿಗೆ ಬರುವ ಹೊತ್ತಿಗೆ ಜೋರಾಗುತ್ತದೆ. ಸೌದೆಗೆ, ಸೊಪ್ಪಿಗೆ, ಒಣ ಎಲೆಗೆ ಕಾಡಿಗೆ ಹೋಗದೆ ಬದುಕು ನಡೆಯದ ಮಲೆನಾಡಿನ ಮನೆಗಳಲ್ಲಿ ಪ್ರತಿ ವರ್ಷ ಅದೇ ಭಯ.

ಇದಕ್ಕೊಂದು ಲಸಿಕೆ ಇತ್ತು. ಅದನ್ನು ಮಾಡುತ್ತಿದ್ದುದು ಹೆಬ್ಬಾಳದಲ್ಲಿರುವ ರಾಜ್ಯ ಸರ್ಕಾರದ್ದೇ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಪದೇ ಪದೇ ಬೂಸ್ಟರ್ ಹಾಕಿಸಬೇಕಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು. ಕೊನೆಗೆ ಆ ಲಸಿಕೆಯ ಶಕ್ತಿಯೇ ಸಾಲದು ಎಂದು ಗೊತ್ತಾಗಿ 2022ರಲ್ಲಿ ಅದು ನಿಂತುಹೋಯಿತು. ಈಗ ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಜೊತೆ ಸೇರಿ ಅದನ್ನು ಮಾಡುತ್ತಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್.

ಹೈದರಾಬಾದಿನವರು ಮಾಡಿದರೆ ತಪ್ಪೇನಿಲ್ಲ. ಯಾರು ಮಾಡಿದರೂ ಬೇಗ ಬರಲಿ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ದೇಶದ ಬಯೋಟೆಕ್ ರಾಜಧಾನಿ ಎಂದು ಬೆಂಗಳೂರು ಇಪ್ಪತ್ತೈದು ವರ್ಷಗಳಿಂದ ಹೇಳಿಕೊಳ್ಳುತ್ತಿದೆ. ಇಲ್ಲಿ ಐಐಎಸ್‌ಸಿ ಇದೆ, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಇದೆ, ನಿಮ್ಹಾನ್ಸ್ ಇದೆ, ನೂರಾರು ಸಣ್ಣ ಕಂಪನಿಗಳಿವೆ. ಮುನ್ನೂರು ಕಿಲೋಮೀಟರ್ ಆಚೆಯ ನಮ್ಮದೇ ಕಾಡಿನ ಜ್ವರಕ್ಕೆ ಲಸಿಕೆ ಮಾಡುತ್ತೇವೆ ಎಂದು ಇಲ್ಲಿನ ಒಂದು ಕಂಪನಿ ಮುಂದೆ ಬಂದು, ಮಾಡಿ ಮುಗಿಸುವಂಥ ದಾರಿ ಯಾಕೆ ಇಲ್ಲ?

ಉತ್ತರ ಸರಳ. ಆ ಲಸಿಕೆಯನ್ನು ಕೊಳ್ಳುವವರು ಸರ್ಕಾರ ಬಿಟ್ಟರೆ ಬೇರೆ ಯಾರೂ ಇಲ್ಲ. ಸರ್ಕಾರ ಮೊದಲೇ "ನೀವು ಮಾಡಿ, ಪರೀಕ್ಷೆಯಲ್ಲಿ ಪಾಸಾದರೆ ಇಷ್ಟು ಡೋಸ್ ನಾವು ಕೊಳ್ಳುತ್ತೇವೆ" ಎಂದು ಹೇಳದೇ ಹೋದರೆ ಯಾವ ಕಂಪನಿಯೂ ಕೈ ಹಾಕುವುದಿಲ್ಲ. ಜೀವವಿಜ್ಞಾನದ ಕಂಪನಿಗಳಿಗೆ ರಾಜ್ಯ ಸರ್ಕಾರ ಕೊಡುವ ಬೆಂಬಲದ ಬಗ್ಗೆ ಯೋಚಿಸುವಾಗೆಲ್ಲ ನಾನು ಇಲ್ಲಿಗೇ ಬಂದು ನಿಲ್ಲುತ್ತೇನೆ. ಕಂಪನಿ ಹುಟ್ಟುವಾಗ ನಮ್ಮ ಸರ್ಕಾರ ಕೈ ಹಿಡಿಯುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ. ಬೆಳೆಯುವ ಹೊತ್ತಿಗೆ ಬಿಟ್ಟುಬಿಡುತ್ತದೆ.

ಹುಟ್ಟಿಸುವ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದನ್ನು ಮೊದಲು ಹೇಳಬೇಕು. 2001ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಮಿಲೇನಿಯಂ ಬಯೋಟೆಕ್ ನೀತಿ ತಂದಿತು. ದೇಶದಲ್ಲಿ ಇಂಥದ್ದೊಂದು ನೀತಿ ಮಾಡಿದ ಮೊದಲ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು. 2009ರಲ್ಲಿ ಎರಡನೆಯದು ಬಂತು, 2017ರಲ್ಲಿ ಮೂರನೆಯದು. ಈಗ ಇರುವುದು 2024ರಿಂದ 2029ರವರೆಗಿನದು. ನಡುವೆ ಎಷ್ಟೋ ಮುಖ್ಯಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು. ಯಾರೂ ಹಿಂದಿನವರದ್ದನ್ನು ಕಿತ್ತುಹಾಕಲಿಲ್ಲ. ನಮ್ಮ ರಾಜಕೀಯದಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ?

ದುಡ್ಡಿನ ಸಹಾಯವೂ ಇದೆ. 2017ರಲ್ಲಿ ಶುರುವಾದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದು ಸಾಲವಲ್ಲ. ಅದಕ್ಕೆ ಬದಲಾಗಿ ಸರ್ಕಾರ ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ಕೇಂದ್ರದ ಕಡೆಯಿಂದ, ಬಯೋಟೆಕ್ ಕಂಪನಿಗಳಿಗೆ ನೆರವಾಗಲೆಂದು 2012ರಲ್ಲಿ ಹುಟ್ಟಿದ ಬೈರ್ಯಾಕ್ ಸಂಸ್ಥೆ ಹದಿನೆಂಟು ತಿಂಗಳ ಕೆಲಸಕ್ಕೆ 50 ಲಕ್ಷದವರೆಗೆ ಕೊಡುತ್ತದೆ. ಈ ರಂಗದವರು ಅದನ್ನು ಬಿಗ್ ಗ್ರಾಂಟ್ ಎನ್ನುತ್ತಾರೆ. ಬೆಂಗಳೂರಿನ ಎಷ್ಟೋ ಯುವ ವಿಜ್ಞಾನಿಗಳು ಯೂನಿವರ್ಸಿಟಿ ಕೆಲಸ ಬಿಟ್ಟು ಕಂಪನಿ ಶುರು ಮಾಡುವ ಧೈರ್ಯ ಮಾಡಿದ್ದು ಈ ಎರಡು 50 ಲಕ್ಷಗಳನ್ನು ನಂಬಿಕೊಂಡೇ.

ಆದರೆ ಜೀವವಿಜ್ಞಾನದಲ್ಲಿ 50 ಲಕ್ಷ ಎಷ್ಟು ದೂರ ಹೋಗುತ್ತದೆ? ಆ್ಯಪ್ ಮಾಡುವವರಾದರೆ ಐದಾರು ಜನ ಎಂಜಿನಿಯರುಗಳನ್ನು ಇಟ್ಟುಕೊಂಡು ಒಂದು ವರ್ಷದಲ್ಲಿ ಏನೋ ಒಂದನ್ನು ಜನರ ಮುಂದೆ ಇಡಬಹುದು. ಚೆನ್ನಾಗಿಲ್ಲದಿದ್ದರೆ ಮರುದಿನವೇ ಬದಲಾಯಿಸಬಹುದು. ಔಷಧ ಮಾಡುವವರಿಗೆ ಆ ಅನುಕೂಲ ಇಲ್ಲ. ಮೈನಸ್ 80 ಡಿಗ್ರಿಯ ಒಂದು ಫ್ರೀಜರ್‌ಗೇ ಹಲವು ಲಕ್ಷ ಬೇಕು. ಜೀವಕೋಶಗಳನ್ನು ಒಂದೊಂದಾಗಿ ಎಣಿಸಿ ವಿಂಗಡಿಸುವ ಯಂತ್ರಕ್ಕೆ ಕೋಟಿಯ ಹತ್ತಿರ. ಪ್ರಯೋಗಕ್ಕೆ ಬೇಕಾದ ರಾಸಾಯನಿಕಗಳು, ಅಂದರೆ ರಿಯೇಜೆಂಟ್‌ಗಳು, ಹೊರದೇಶದಿಂದ ಡ್ರೈ ಐಸ್‌ನಲ್ಲಿ ಬರುತ್ತವೆ. ಬರಲು ವಾರಗಟ್ಟಲೆ ಆಗುತ್ತದೆ. ಕಸ್ಟಮ್ಸ್‌ನಲ್ಲಿ ಎರಡು ದಿನ ಜಾಸ್ತಿ ನಿಂತರೆ ಐಸ್ ಆರಿ ಮಾಲು ಹಾಳು. ಜೀವಕೋಶ ಬೆಳೆಯಲು ಎಷ್ಟು ದಿನ ಬೇಕೋ ಅಷ್ಟು ದಿನ ಬೇಕೇ ಬೇಕು. ಇಲಿಯ ಮೇಲೆ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇಷ್ಟೆಲ್ಲ ಆಗಿ "ಹೌದು, ಇದು ಕೆಲಸ ಮಾಡಬಹುದು" ಎನ್ನುವ ಹಂತಕ್ಕೆ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಔಷಧದ ದಾರಿ ನಿಜಕ್ಕೂ ಶುರುವಾಗುವುದು ಅಲ್ಲಿಂದ.

ಸಮಯದ ಲೆಕ್ಕ ಬೇಕಿದ್ದರೆ ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ನೋಡಿ. ಕಿರಣ್ ಮಜುಂದಾರ್ ಶಾ ಅದನ್ನು ಶುರು ಮಾಡಿದ್ದು 1978ರಲ್ಲಿ, ಕೋರಮಂಗಲದ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10 ಸಾವಿರ ರೂಪಾಯಿ ಬಂಡವಾಳದಲ್ಲಿ. ಮೊದಲು ಮಾಡಿದ್ದು ಪರಂಗಿಯಿಂದ ಪಪೇನ್ ಎಂಬ ಕಿಣ್ವ ತೆಗೆಯುವ ಕೆಲಸ. ಕಂಪನಿ ಶೇರು ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಇಪ್ಪತ್ತಾರು ವರ್ಷ! ನಮ್ಮ ನೀತಿಗಳ ಆಯಸ್ಸು ಐದು ವರ್ಷ.

ಇದರ ಜೊತೆಗೆ ತೆರಿಗೆ ರಿಯಾಯಿತಿಯ ವಿಷಯವನ್ನೂ ಸೇರಿಸಿಕೊಳ್ಳಬೇಕು. ಯಾವ ರಾಜ್ಯದ ಕೈಗಾರಿಕಾ ನೀತಿ ತೆಗೆದರೂ ಇದು ಇದ್ದೇ ಇರುತ್ತದೆ. ಸ್ಟಾಂಪ್ ಡ್ಯೂಟಿ ಮಾಫಿ, ವಿದ್ಯುತ್ ತೆರಿಗೆ ಮಾಫಿ, ಯಂತ್ರ ಕೊಂಡರೆ ಆಮೇಲೆ ಒಂದಷ್ಟು ಹಣ ವಾಪಸ್. ದೊಡ್ಡ ಕಾರ್ಖಾನೆಗೆ ಇದರಿಂದ ಲಾಭ ಇದೆ. ಹತ್ತು ವರ್ಷ ಒಂದು ರೂಪಾಯಿ ಲಾಭ ಕಾಣದ, ಸ್ವಂತ ಜಾಗವೇ ಇಲ್ಲದ, ಯಂತ್ರವನ್ನು ಬಾಡಿಗೆಗೆ ಬಳಸುವ ಕಂಪನಿಗೆ ಇದರಿಂದ ಏನು ಸಿಗುತ್ತದೆ? "ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ" ಎನ್ನುವ ಸಹಾಯ ಕೈಯಲ್ಲಿ ದುಡ್ಡಿದ್ದವರಿಗಷ್ಟೇ ಸಹಾಯ.

ಲ್ಯಾಬ್ ಎಂಬ ದೊಡ್ಡ ವರ

ಹಾಗಾದರೆ ಸರ್ಕಾರ ಮಾಡಿದ್ದರಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡಿದೆ? ನನ್ನನ್ನು ಕೇಳಿದರೆ ಹಂಚಿಕೊಂಡು ಬಳಸುವ ಲ್ಯಾಬ್‌ಗಳು. ಇದನ್ನು ಎಷ್ಟು ಹೊಗಳಿದರೂ ಕಡಿಮೆ.

ಎಲೆಕ್ಟ್ರಾನಿಕ್ ಸಿಟಿಯ ಹೆಲಿಕ್ಸ್ ಬಯೋಟೆಕ್ ಪಾರ್ಕಿನಲ್ಲಿ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್ ಇದೆ. ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಸೇರಿ ಕಟ್ಟಿದ್ದು. ಪಕ್ಕದಲ್ಲೇ ಐಬಿಎಬಿ ಎಂಬ ಬಯೋಇನ್‌ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಸಂಸ್ಥೆ. ನಗರದ ಇನ್ನೊಂದು ತುದಿಯಲ್ಲಿ, ಜಿಕೆವಿಕೆ ಆವರಣದಲ್ಲಿ, ಎನ್‌ಸಿಬಿಎಸ್ ಜೊತೆಗೆ ಸಿ-ಕ್ಯಾಂಪ್ ಎಂಬ ಇಂಥದ್ದೇ ಕೇಂದ್ರ ಇದೆ. ಅದನ್ನು 2009ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಶುರು ಮಾಡಿತು. ಇಲ್ಲಿಗೆ ಇಬ್ಬರು ಮೂವರು ಬಂದು ಒಂದು ಮೇಜು ಬಾಡಿಗೆಗೆ ಹಿಡಿಯಬಹುದು. ಕೋಟಿ ಬೆಲೆಯ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಳಸಬಹುದು. ಕರೆಂಟು ಹೋದರೆ ಜನರೇಟರ್ ಇರುತ್ತದೆ. ಜೈವಿಕ ಕಸವನ್ನು ನಿಯಮದ ಪ್ರಕಾರ ಸಾಗಿಸುವವರಿರುತ್ತಾರೆ. ಕೊನೆಯ ಮಾತು ಸಣ್ಣದು ಅನ್ನಿಸಬಹುದು. ಆದರೆ ಬಾಡಿಗೆ ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಆಗುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಸುರಕ್ಷತಾ ಸಮಿತಿ ಬೇಕು. ಮೂರು ಜನರ ಕಂಪನಿ ಒಂಟಿಯಾಗಿ ಇದನ್ನೆಲ್ಲ ಮಾಡಲು ಹೊರಟರೆ ವಿಜ್ಞಾನಕ್ಕೆ ಸಮಯವೇ ಉಳಿಯುವುದಿಲ್ಲ.

ಇನ್ನೊಂದು ಲಾಭ ಇದೆ, ಅದು ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ. 2014ರಲ್ಲಿ ಆಸ್ಟ್ರಾಜೆನೆಕಾ ಎಂಬ ವಿದೇಶಿ ಔಷಧ ಕಂಪನಿ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚಿತು. ವರ್ಷಗಟ್ಟಲೆ ಹೊಸ ಔಷಧ ಹುಡುಕುವ ಕೆಲಸ ಮಾಡಿದ್ದ ವಿಜ್ಞಾನಿಗಳು ಒಮ್ಮೆಲೇ ಕೆಲಸ ಕಳೆದುಕೊಂಡರು. ಅವರಲ್ಲಿ ಕೆಲವರು ಸೇರಿ ಅದೇ ವರ್ಷ ಬಗ್‌ವರ್ಕ್ಸ್ ಶುರು ಮಾಡಿದರು. ಈಗಿರುವ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುಗಳ ವಿರುದ್ಧ ಹೊಸ ಔಷಧ ಹುಡುಕುವುದು ಅವರ ಕೆಲಸ. ಅವರಿಗೆ ಜಾಗ ಸಿಕ್ಕಿದ್ದು ಸಿ-ಕ್ಯಾಂಪ್‌ನಲ್ಲಿ. ಆ ಹೊತ್ತಿನಲ್ಲಿ ಇಂಥ ಲ್ಯಾಬ್ ಇಲ್ಲದೇ ಹೋಗಿದ್ದರೆ ಆ ಅನುಭವ ಎಲ್ಲ ಬೋಸ್ಟನ್ನಿಗೋ ಬೇರೆಲ್ಲಿಗೋ ಹೋಗುತ್ತಿತ್ತು. ದೊಡ್ಡ ಕಂಪನಿ ಮುಚ್ಚಿದಾಗ ಅಲ್ಲಿನ ಜನರನ್ನು ಊರಲ್ಲೇ ಉಳಿಸಿಕೊಳ್ಳುವ ಶಕ್ತಿ ಹಂಚಿಕೊಂಡ ಲ್ಯಾಬ್‌ಗೆ ಇದೆ.

2025ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಎಲೆಕ್ಟ್ರಾನಿಕ್ ಸಿಟಿಯ ಆ ಸೆಂಟರ್‌ಗೆ ಬೆಂಕಿ ಬಿತ್ತು. ಹಲವು ಸ್ಟಾರ್ಟಪ್‌ಗಳ ಲ್ಯಾಬ್‌ಗಳು ಹಾಳಾದವು. ನೂರು ಕೋಟಿಗೂ ಜಾಸ್ತಿ ನಷ್ಟ ಎಂದು ಆಗ ಅಂದಾಜು ಮಾಡಿದ್ದರು. ಯಂತ್ರ ಸುಟ್ಟರೆ ವಿಮೆ ಬರಬಹುದು, ಹೊಸದು ಕೊಳ್ಳಬಹುದು. ಮೂರು ವರ್ಷ ಜತನ ಮಾಡಿ ಬೆಳೆಸಿದ ಒಂದು ಜೀವಕೋಶದ ತಳಿ ಸುಟ್ಟುಹೋದರೆ ಅದನ್ನು ಯಾವ ವಿಮೆ ವಾಪಸ್ ಕೊಡುತ್ತದೆ? ಆ ಸುದ್ದಿ ಓದಿದ ದಿನ ನನಗೆ ತುಂಬ ಬೇಸರವಾಯಿತು. ಒಂದೇ ಕಟ್ಟಡದಲ್ಲಿ ಅಷ್ಟು ಜನರ ವರ್ಷಗಳನ್ನು ಇಟ್ಟಿದ್ದೇವೆ ಎಂದ ಮೇಲೆ, ಸ್ಯಾಂಪಲ್‌ಗಳ ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿ ಕಾಪಾಡುವ ಏರ್ಪಾಡೂ ಸರ್ಕಾರದ ಬೆಂಬಲದ ಭಾಗವೇ ಆಗಬೇಕು. ಮೈಸೂರಿನಲ್ಲೋ ಧಾರವಾಡದಲ್ಲೋ ಒಂದು ಸಾಮೂಹಿಕ ಫ್ರೀಜರ್ ಕೋಣೆ ಇಟ್ಟರೂ ಸಾಕು. ಅದಕ್ಕೆ ಖರ್ಚೂ ಅಷ್ಟೇನಿಲ್ಲ.

ಸಿದ್ಧ ಲ್ಯಾಬ್ ಎಷ್ಟು ಮುಖ್ಯ ಎಂಬ ಪಾಠವನ್ನು ಹೈದರಾಬಾದ್ ನಮಗಿಂತ ಮೊದಲೇ ಕಲಿತಿತ್ತು. 1999ರಲ್ಲಿ ಆಗಿನ ಆಂಧ್ರ ಸರ್ಕಾರ ಜೀನೋಮ್ ವ್ಯಾಲಿ ಎಂಬ ಜೀವವಿಜ್ಞಾನ ಕಂಪನಿಗಳ ವಲಯವನ್ನು ಘೋಷಿಸಿತು. ಶಾಮೀರ್‌ಪೇಟೆ ಹತ್ತಿರ 200 ಎಕರೆ ಜಾಗ ಕೊಟ್ಟು ಐಸಿಐಸಿಐ ಜೊತೆ ನಾಲೆಜ್ ಪಾರ್ಕ್ ಮಾಡಿತು. ಅಲ್ಲಿ ಸಿಕ್ಕಿದ್ದು ಖಾಲಿ ಸೈಟಲ್ಲ, ಒಳಗೆ ಹೋಗಿ ಕೆಲಸ ಶುರು ಮಾಡಬಹುದಾದ ಲ್ಯಾಬ್. ಅದಕ್ಕಿಂತ ಹಿಂದಿನ ಕಾರಣವೂ ಒಂದಿದೆ. 1961ರಲ್ಲಿ ಶುರುವಾದ ಐಡಿಪಿಎಲ್ ಎಂಬ ಸರ್ಕಾರಿ ಔಷಧ ಕಂಪನಿ ಹೈದರಾಬಾದಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, ಒಂದು ಇಡೀ ತಲೆಮಾರಿಗೆ ಔಷಧ ತಯಾರಿಸುವುದನ್ನು ಕಲಿಸಿತ್ತು. ಡಾ. ರೆಡ್ಡೀಸ್ ಕಟ್ಟಿದ ಅಂಜಿ ರೆಡ್ಡಿ ಅಲ್ಲಿ ಕೆಲಸ ಮಾಡಿದವರೇ. ಅದಕ್ಕೇ ಅಲ್ಲಿ ತಯಾರಿಕೆ ಗಟ್ಟಿಯಾಯಿತು, ನಮ್ಮಲ್ಲಿ ಸಂಶೋಧನೆ ಗಟ್ಟಿಯಾಯಿತು. ಮಂಗನ ಕಾಯಿಲೆಯ ಲಸಿಕೆ ಯಾಕೆ ಅಲ್ಲಿ ತಯಾರಾಗುತ್ತಿದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಒಂದು ಲೀಟರಿನಿಂದ ಸಾವಿರ ಲೀಟರಿಗೆ

ಲ್ಯಾಬಿನ ಮೇಜಿನ ಮೇಲೆ ಒಂದು ಲೀಟರ್ ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆದು ಬೇಕಾದ ಪ್ರೊಟೀನ್ ಕೊಡುತ್ತದೆ. ಅದನ್ನೇ ಸಾವಿರ ಲೀಟರ್ ಟ್ಯಾಂಕಿಗೆ ಹಾಕಿ. ಎಲ್ಲ ಕಡೆಗೂ ಗಾಳಿ ಸಮನಾಗಿ ತಲುಪುವುದಿಲ್ಲ, ಬಿಸಿ ಹೊರಗೆ ಹೋಗುವುದಿಲ್ಲ, ನೊರೆ ಉಕ್ಕುತ್ತದೆ, ಬ್ಯಾಕ್ಟೀರಿಯಾ ಬೇರೆಯೇ ಥರ ಆಡುತ್ತದೆ. ಮನೆಯಲ್ಲಿ ನಾಲ್ಕು ಜನಕ್ಕೆ ಬಿಸಿಬೇಳೆಬಾತ್ ಮಾಡುವವರಿಗೆ ಮದುವೆ ಮನೆಯ ಅಡುಗೆ ಒಪ್ಪಿಸಿದ ಹಾಗೆ. ಎಲ್ಲವನ್ನೂ ಇನ್ನೂರು ಪಟ್ಟು ಹಾಕಿದರೆ ರುಚಿ ಬರುವುದಿಲ್ಲ, ಅದಕ್ಕೆ ಬೇರೆಯೇ ಕೈ ಬೇಕು. ಈ ಹಂತಕ್ಕೆ ಪೈಲಟ್ ಪ್ಲಾಂಟ್, ಅಂದರೆ ಮಾಡಿ ನೋಡಲೆಂದೇ ಇರುವ ಸಣ್ಣ ಕಾರ್ಖಾನೆ ಬೇಕು. ಮನುಷ್ಯರಿಗೆ ಕೊಡುವ ಔಷಧವಾದರೆ ಜಿಎಂಪಿ ನಿಯಮದ ಕೋಣೆಗಳು ಬೇಕು. ಅಂದರೆ ಗಾಳಿ ಸೋಸಿ ಬರಬೇಕು, ಪ್ರತಿ ಹೆಜ್ಜೆಯೂ ಬರೆದಿಟ್ಟಿರಬೇಕು, ಪ್ರತಿ ಬ್ಯಾಚಿನ ಲೆಕ್ಕ ಸಿಗಬೇಕು. ಇದಕ್ಕೆ ಹತ್ತಾರು ಕೋಟಿ ಬೇಕು. 50 ಲಕ್ಷದ ಅನುದಾನ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಖಾಸಗಿ ಹೂಡಿಕೆದಾರರು "ಮನುಷ್ಯರ ಮೇಲಿನ ಮೊದಲ ಪರೀಕ್ಷೆ ಮುಗಿಸಿ ಬನ್ನಿ, ಆಮೇಲೆ ನೋಡೋಣ" ಎನ್ನುತ್ತಾರೆ. ಆ ಪರೀಕ್ಷೆ ಮಾಡಬೇಕಾದರೆ ಜಿಎಂಪಿಯಲ್ಲಿ ಮಾಡಿದ ಔಷಧವೇ ಬೇಕು. ನಡುನೀರು ಎಂದದ್ದು ಇದನ್ನೇ.

ಈ ನಡುನೀರನ್ನು ದಾಟಿಸುವ ಕೆಲಸವನ್ನು ನಮ್ಮ ನೆಲದ ಸರ್ಕಾರ ಹಿಂದೊಮ್ಮೆ ಮಾಡಿ ತೋರಿಸಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧ ಮರದ ರೂಪದಲ್ಲೇ ಹೊರಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಜರ್ಮನಿಯವರು. ಯುದ್ಧ ಶುರುವಾಗಿ ಮಾರುಕಟ್ಟೆ ನಿಂತಿತು, ಗಂಧದ ಕೊರಡುಗಳು ಇಲ್ಲೇ ಬಿದ್ದವು. ಆಗ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನ ಶಾಸ್ತ್ರಜ್ಞರು ಗಂಧದಿಂದ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. ಅದು ಅಲ್ಲಿಗೇ ನಿಂತಿದ್ದರೆ ಒಂದು ಲೇಖನವಾಗಿ ಉಳಿಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ಅದನ್ನು ಕಾರ್ಖಾನೆಯಾಗಿಸಿತು. 1916ರ ಹೊತ್ತಿಗೆ ಎಣ್ಣೆ ಬರತೊಡಗಿತು, 1918ರಲ್ಲಿ ಸೋಪಿನ ಕಾರ್ಖಾನೆ ಶುರುವಾಯಿತು. ಐಐಎಸ್‌ಸಿಗೆ 371 ಎಕರೆ ಜಾಗ ಕೊಟ್ಟಿದ್ದೂ ಮೈಸೂರು ಸಂಸ್ಥಾನವೇ. ಜಾಗ ಕೊಟ್ಟು ಸುಮ್ನೆ ಕೂರಲಿಲ್ಲ. ಅಲ್ಲಿ ಹುಟ್ಟಿದ ವಿದ್ಯೆಯನ್ನು ಪೇಟೆಯವರೆಗೆ ನಡೆಸಿಕೊಂಡು ಹೋಯಿತು.

ಇವತ್ತು ಸರ್ಕಾರವೇ ಕಾರ್ಖಾನೆ ನಡೆಸಬೇಕು ಎಂದು ನಾನು ಹೇಳುತ್ತಿಲ್ಲ. ದಿನ ಬಾಡಿಗೆಗೆ ಸಿಗುವ ಒಂದು ಪೈಲಟ್ ಪ್ಲಾಂಟ್, ಬ್ಯಾಚಿನ ಲೆಕ್ಕದಲ್ಲಿ ಬಳಸಬಹುದಾದ ಎರಡು ಜಿಎಂಪಿ ಕೋಣೆ, ಅದನ್ನು ನಡೆಸಲು ಅನುಭವ ಇರುವ ಹತ್ತು ಜನ. ಇಷ್ಟು ಇದ್ದರೆ ಎಷ್ಟೋ ಕಂಪನಿಗಳು ದಡ ಮುಟ್ಟುತ್ತವೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿಯೂ ಜೈವಿಕ ತಯಾರಿಕೆಗೇ ಒತ್ತು ಕೊಡುತ್ತದೆ. ಅದರ ಜೊತೆ ಕೈ ಜೋಡಿಸಲು ರಾಜ್ಯಕ್ಕೆ ಇದು ಒಳ್ಳೆಯ ಹೊತ್ತು.

ಒಪ್ಪಿಗೆಗಳ ವಿಷಯದಲ್ಲೂ ರಾಜ್ಯದ ಕೈ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಹೊಸ ಔಷಧ, ಮನುಷ್ಯರ ಮೇಲಿನ ಪರೀಕ್ಷೆ ಎಲ್ಲ ದೆಹಲಿಯದು, ನಿಜ. ಆದರೆ ಸಾಮಾನ್ಯ ಔಷಧ ತಯಾರಿಸುವ ಲೈಸೆನ್ಸ್ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. 2017ರ ವೈದ್ಯಕೀಯ ಸಾಧನ ನಿಯಮದ ಪ್ರಕಾರ ಕಡಿಮೆ ಅಪಾಯದ ಎ ಮತ್ತು ಬಿ ವರ್ಗದ ಸಾಧನಗಳ ತಯಾರಿಕೆಗೂ ರಾಜ್ಯವೇ ಲೈಸೆನ್ಸ್ ಕೊಡಬೇಕು. ಹೊಸ ತಂತ್ರಜ್ಞಾನ ಗೊತ್ತಿರುವ ಇನ್‌ಸ್ಪೆಕ್ಟರುಗಳು ಸಾಕಷ್ಟು ಇದ್ದರೆ ಅದೂ ಒಂದು ಬೆಂಬಲವೇ. ಅನುದಾನಕ್ಕಿಂತ ದೊಡ್ಡ ಬೆಂಬಲ ಎಂದರೂ ತಪ್ಪಿಲ್ಲ. ಆರು ತಿಂಗಳು ಕಾಯುವಾಗ ಸಣ್ಣ ಕಂಪನಿ ಸಂಬಳ ಕೊಡುತ್ತಲೇ ಇರಬೇಕಲ್ಲ.

ಹೊರಗಿನವರು ಹೇಗೆ ಮಾಡಿದರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಹಾರ್ವರ್ಡ್, ಎಂಐಟಿ ಮೊದಲಿಂದಲೂ ಇದ್ದವು. ಆದರೂ 2008ರಲ್ಲಿ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಜೀವವಿಜ್ಞಾನಕ್ಕೆ ಹತ್ತು ವರ್ಷದಲ್ಲಿ 100 ಕೋಟಿ ಡಾಲರ್ ಎಂದು ಕಾನೂನನ್ನೇ ಮಾಡಿದರು. ನೀತಿಯ ಪುಸ್ತಕ ಅಲ್ಲ, ಕಾನೂನು. ಅದರಲ್ಲಿ ಅರ್ಧ ಹಣ ಕಟ್ಟಡ, ಲ್ಯಾಬ್, ಯಂತ್ರಗಳಿಗೆ. ಉಳಿದದ್ದರಲ್ಲಿ ಸಾಲ, ಅನುದಾನ, ತೆರಿಗೆ ರಿಯಾಯಿತಿ. ಅಲ್ಲಿ ಲಾಭ ಇಲ್ಲದ ಕಂಪನಿಗೆ ಕೆಲವು ತೆರಿಗೆ ರಿಯಾಯಿತಿ ನಗದಾಗಿಯೇ ಸಿಗುತ್ತದೆ. ಹಾಗೆ ಪಡೆದವರು ಇಷ್ಟು ಜನರಿಗೆ ಕೆಲಸ ಕೊಡುತ್ತೇವೆ ಎಂದು ಬರೆದುಕೊಡಬೇಕು. ಕೊಡದಿದ್ದರೆ ಹಣ ವಾಪಸ್. 2013ರಲ್ಲಿ ಕೇಂಬ್ರಿಡ್ಜಿನಲ್ಲಿ ತೆರೆದ ಲ್ಯಾಬ್‌ಸೆಂಟ್ರಲ್ ಎಂಬ ಹಂಚಿಕೆಯ ಲ್ಯಾಬ್‌ಗೆ ಇದೇ ನಿಧಿಯಿಂದ 50 ಲಕ್ಷ ಡಾಲರ್ ಹೋಯಿತು. ಸಣ್ಣ ಕಂಪನಿಗೆ ಇಂಟರ್ನ್ ಆಗಿ ಬರುವ ವಿದ್ಯಾರ್ಥಿಯ ಸಂಬಳವನ್ನು ಸರ್ಕಾರವೇ ಕೊಡುವ ಯೋಜನೆಯೂ ಇದೆ. ನನಗೆ ತುಂಬ ಹಿಡಿಸಿದ್ದು ಅದು. ರಾಯಚೂರಿನಲ್ಲೋ ತುಮಕೂರಿನಲ್ಲೋ ಬಯೋಟೆಕ್ ಓದಿ, ಒಮ್ಮೆಯೂ ನಿಜವಾದ ಕಂಪನಿಯ ಲ್ಯಾಬ್ ನೋಡದೆ ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಸೇರುವ ಎಷ್ಟು ಮಕ್ಕಳಿದ್ದಾರೆ ನಮ್ಮಲ್ಲಿ!

2008ರ ಕಾನೂನು ಡೆಮಾಕ್ರಟರದ್ದು. 2018ರಲ್ಲಿ ರಿಪಬ್ಲಿಕನ್ ಗವರ್ನರ್ ಚಾರ್ಲಿ ಬೇಕರ್ ಅದನ್ನು ಮುಂದುವರಿಸಿದರು. 2024ರಲ್ಲಿ ಮತ್ತೆ ಡೆಮಾಕ್ರಟ್ ಮೌರಾ ಹೀಲಿ ಇನ್ನೂ ಹತ್ತು ವರ್ಷಕ್ಕೆ ಬೆಳೆಸಿದರು. ಔಷಧದ ಆಯಸ್ಸಿಗೂ ಯೋಜನೆಯ ಆಯಸ್ಸಿಗೂ ಹೊಂದಿಕೆ ಆಗಿದ್ದು ಹೀಗೆ.

ಟೆಕ್ಸಾಸ್‌ನದು ಬೇರೆ ಪಾಠ. 2007ರಲ್ಲಿ ಅಲ್ಲಿನ ಜನ ಮತ ಹಾಕಿ ಕ್ಯಾನ್ಸರ್ ಸಂಶೋಧನೆಗೆ 300 ಕೋಟಿ ಡಾಲರ್ ಕೊಡಲು ಒಪ್ಪಿದರು. ಅದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. 2012ರಲ್ಲಿ ಗಲಾಟೆ ಶುರುವಾಯಿತು. ವಿಜ್ಞಾನಿಗಳ ಪರಿಶೀಲನೆ ಇಲ್ಲದೆ ದೊಡ್ಡ ಅನುದಾನ ಕೊಟ್ಟರು ಎಂದು ಸಂಸ್ಥೆಯ ಮುಖ್ಯ ವಿಜ್ಞಾನಿ, ನೊಬೆಲ್ ಪಡೆದ ಆಲ್ಫ್ರೆಡ್ ಗಿಲ್ಮನ್ ರಾಜೀನಾಮೆ ಕೊಟ್ಟರು. ಆಮೇಲೆ ಇನ್ನೊಂದು ಬಯಲಾಯಿತು. 2010ರಲ್ಲಿ ಪೆಲೋಟನ್ ಎಂಬ ಕಂಪನಿಗೆ 1.1 ಕೋಟಿ ಡಾಲರ್ ಹೀಗೇ ಪರಿಶೀಲನೆ ಇಲ್ಲದೆ ಹೋಗಿತ್ತು. ಸಂಸ್ಥೆಯನ್ನು ಬುಡದಿಂದ ಸರಿಪಡಿಸಬೇಕಾಯಿತು. ಜನರ ನಂಬಿಕೆ ವಾಪಸ್ ಬಂದು 2019ರಲ್ಲಿ ಇನ್ನೂ 300 ಕೋಟಿ ಡಾಲರಿಗೆ ಮತ ಹಾಕಿದರು.

ಅದೇ 2019ರಲ್ಲಿ ಪೆಲೋಟನ್ ಕಂಪನಿಯನ್ನು ಮರ್ಕ್ ಎಂಬ ದೊಡ್ಡ ಔಷಧ ಕಂಪನಿ 105 ಕೋಟಿ ಡಾಲರ್ ಮುಂಗಡ ಕೊಟ್ಟು ಕೊಂಡಿತು. ಅದರ ಔಷಧ 2021ರಲ್ಲಿ ಅಮೆರಿಕದ ಒಪ್ಪಿಗೆ ಪಡೆದು ಇವತ್ತು ರೋಗಿಗಳಿಗೆ ಸಿಗುತ್ತಿದೆ. ಹಾಗಾದರೆ ಪರಿಶೀಲನೆ ಇಲ್ಲದೆ ಕೊಟ್ಟದ್ದು ಸರಿಯಾಯಿತೇ? ಇಲ್ಲ. ಆ ಔಷಧ ಗೆದ್ದದ್ದು ಅದರ ಹಿಂದಿನ ವಿಜ್ಞಾನದಿಂದ. ಪರಿಶೀಲನೆಗೆ ಹೋಗಿದ್ದರೂ ಪಾಸಾಗಬಹುದಿತ್ತು, ಹತ್ತು ಜನ ಬೆರಳು ತೋರಿಸುವ ಪ್ರಸಂಗ ಬರುತ್ತಿರಲಿಲ್ಲ. ಜನರ ದುಡ್ಡಿನಲ್ಲಿ ನಡೆಯುವ ಯೋಜನೆಗೆ ಫಲಿತಾಂಶ ಎಷ್ಟು ಮುಖ್ಯವೋ ಅಲ್ಲಿಗೆ ಹೋದ ದಾರಿಯೂ ಅಷ್ಟೇ ಮುಖ್ಯ.

ಸರ್ಕಾರವೇ ದೊಡ್ಡ ಗಿರಾಕಿ

ಅನುದಾನಕ್ಕಿಂತ ದೊಡ್ಡ ಆಯುಧ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಅದು ಅದರ ಖರೀದಿ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಕೃಷಿ ಇಲಾಖೆ. ಔಷಧ, ಕಿಟ್, ಸಾಧನ, ಲಸಿಕೆಗಳನ್ನು ಇಷ್ಟು ದೊಡ್ಡದಾಗಿ ಕೊಳ್ಳುವವರು ರಾಜ್ಯದಲ್ಲಿ ಬೇರೆ ಯಾರಿದ್ದಾರೆ? ಮನುಷ್ಯರ ಔಷಧಗಳ ಬಹುಪಾಲು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬರುತ್ತದೆ.

ಇಲ್ಲಿ ಸಣ್ಣ ಕಂಪನಿಗೆ ಎರಡು ಗೋಡೆಗಳು. ಒಂದು, ಟೆಂಡರಿನಲ್ಲಿ ಕೇಳುವ ಹಿಂದಿನ ವರ್ಷಗಳ ವಹಿವಾಟು ಮತ್ತು ಅನುಭವ. ಹೊಸದನ್ನು ಕಂಡುಹಿಡಿದವರ ಬಳಿ ಅದನ್ನು ಹಿಂದೆ ಮಾರಿದ ಅನುಭವ ಎಲ್ಲಿಂದ ಬರಬೇಕು? 2016ರಲ್ಲೇ ಕೇಂದ್ರ ಸರ್ಕಾರ ಸ್ಟಾರ್ಟಪ್‌ಗಳಿಗೆ ಈ ಷರತ್ತು ಸಡಿಲ ಮಾಡಿತು. ಆದರೆ ಆರೋಗ್ಯ, ಜನರ ಸುರಕ್ಷತೆಯಂಥ ವಿಷಯಗಳಲ್ಲಿ ಅನುಭವ ಇರುವವರನ್ನೇ ಆಯ್ದುಕೊಳ್ಳಬಹುದು ಎಂದೂ ಹೇಳಿತು. ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಅದರಿಂದ ಆದದ್ದೇನೆಂದರೆ ಆ್ಯಪ್ ಮಾಡುವವರಿಗೆ ತೆರೆದ ಬಾಗಿಲು ಔಷಧ ಮಾಡುವವರಿಗೆ ಅರ್ಧವೇ ತೆರೆಯಿತು.

ಎರಡನೆಯದು ಎಲ್1. ಯಾರ ಬೆಲೆ ಕಡಿಮೆಯೋ ಅವರಿಗೆ ಆರ್ಡರ್. ಭ್ರಷ್ಟಾಚಾರ ತಡೆಯಲು ಬಂದ ನಿಯಮ ಇದು, ಅದರ ಉದ್ದೇಶ ಒಳ್ಳೆಯದು. ಆದರೆ ಬೆಲೆಯೊಂದನ್ನೇ ನೋಡಿದರೆ ಏನಾಗಬಹುದು? 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡರು. ಅವರಿಗೆ ಹಾಕಿದ ಐವಿ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು, ತನಿಖೆ ನಡೆಯಿತು. ಕೂಸು ಹುಟ್ಟಿದ ಮನೆಗಳಲ್ಲಿ ತಾಯಿ ಇಲ್ಲವಾದರು. ಆ ಸುದ್ದಿಯನ್ನು ಖರೀದಿಯ ನಿಯಮದಿಂದ ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ. ಗುಣಮಟ್ಟಕ್ಕೆ ಅಂಕ ಕೊಟ್ಟು, ಆಮೇಲೆ ಬೆಲೆ ನೋಡುವ ಖರೀದಿಯಿಂದ ರೋಗಿಗೂ ಒಳ್ಳೆಯದು, ಒಳ್ಳೆಯ ಕೆಲಸ ಮಾಡುವ ಕಂಪನಿಗೂ ಒಳ್ಳೆಯದು.

ಸರ್ಕಾರ ಹೀಗೆ ಮಾಡಬಹುದು. ವರ್ಷಕ್ಕೊಮ್ಮೆ ಆರೋಗ್ಯ, ಪಶು, ಕೃಷಿ ಇಲಾಖೆಗಳು ಕೂತು ತಮಗೆ ಬೇಕಾದ ನಾಲ್ಕೈದು ವಸ್ತುಗಳನ್ನು ಹೇಳಲಿ. ಮಂಗನ ಕಾಯಿಲೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಪತ್ತೆ ಮಾಡುವ ಕಿಟ್, ಹಾವು ಕಡಿತಕ್ಕೆ ನಮ್ಮ ಕಡೆಯ ಹಾವುಗಳ ವಿಷಕ್ಕೆ ಸರಿಯಾಗಿ ಕೆಲಸ ಮಾಡುವ ಔಷಧ, ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಜೈವಿಕ ಪರಿಹಾರ. ಯಾವ ಮಟ್ಟದ ಪರೀಕ್ಷೆ ಪಾಸಾಗಬೇಕು, ಪಾಸಾದರೆ ಎಷ್ಟು ಕೊಳ್ಳುತ್ತೇವೆ, ಎಷ್ಟು ಬೆಲೆಗೆ ಎಂದು ಮೊದಲೇ ಬರೆದುಕೊಡಲಿ. ಮೊದಲು ಎರಡು ಜಿಲ್ಲೆಗಳಲ್ಲಿ ಬಳಸಿ ನೋಡಲಿ. ಸರ್ಕಾರಿ ಆಸ್ಪತ್ರೆಯ ವೈದ್ಯರ ಒಂದು ಒಳ್ಳೆಯ ವರದಿ ಕೈಯಲ್ಲಿದ್ದರೆ ಆ ಕಂಪನಿ ಬೇರೆ ರಾಜ್ಯಕ್ಕೂ, ಬೇರೆ ದೇಶಕ್ಕೂ ಮಾರಬಹುದು. ಬ್ಯಾಂಕೂ ಸಾಲ ಕೊಡುತ್ತದೆ.

ಬೆಂಗಳೂರಿನ ಆಚೆಗೆ ಹೋಗುವ ದಾರಿಯೂ ಇದೇ. 2009ರ ನೀತಿಯಲ್ಲೇ ಮೈಸೂರಿಗೆ ಪೌಷ್ಟಿಕ ಆಹಾರ ಮತ್ತು ಗಿಡಮೂಲಿಕೆ, ಧಾರವಾಡಕ್ಕೆ ಕೃಷಿ, ಮಂಗಳೂರಿಗೆ ಸಮುದ್ರ, ಬೀದರಿಗೆ ಪಶು ಎಂದು ಪಾಲು ಹಂಚಿತ್ತು. ಆಯ್ಕೆ ಸರಿಯಾಗಿಯೇ ಇತ್ತು. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು, ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಇವೆ. ಆದರೂ ಇವುಗಳಲ್ಲಿ ಯಾವ ಊರೂ ಈ ರಂಗದಲ್ಲಿ ಬೆಂಗಳೂರಿನ ಹತ್ತಿರಕ್ಕೂ ಬೆಳೆದಿಲ್ಲ. ಪಾರ್ಕ್ ಎಂದು ಬೋರ್ಡ್ ಹಾಕಿದರೆ ಕಂಪನಿ ಬರುವುದಿಲ್ಲ. ಬೀದರಿನ ಪಶು ಔಷಧಕ್ಕೆ ಪಶು ಇಲಾಖೆ ಮೊದಲ ಗಿರಾಕಿಯಾದರೆ ಬರುತ್ತದೆ.

ಇಷ್ಟೆಲ್ಲ ಕೊಟ್ಟ ಮೇಲೆ ಜನ ಏನು ಕೇಳಬೇಕು? ಇದನ್ನು ನಾವು ಸಾಕಷ್ಟು ಕೇಳುತ್ತಿಲ್ಲ. ಶಾಲೆಗೆ, ರಸ್ತೆಗೆ ಹೋಗಬಹುದಾಗಿದ್ದ ದುಡ್ಡು ಇದು. ಮ್ಯಾಸಚೂಸೆಟ್ಸ್‌ನಂತೆ, ಗೆದ್ದ ಕಂಪನಿ ಸಾಲ ತೀರಿಸಲಿ. ಸರ್ಕಾರದ ಹಣದಿಂದ ಬೆಳೆದ ಔಷಧ ರಾಜ್ಯದ ಆಸ್ಪತ್ರೆಗಳಿಗೆ ಕಡಿಮೆ ಬೆಲೆಗೆ ಸಿಗಲಿ. ಸೋತವರನ್ನು ಮಾತ್ರ ಕಳ್ಳರಂತೆ ನೋಡಬಾರದು. ಈ ರಂಗದಲ್ಲಿ ಸೋಲುವವರೇ ಜಾಸ್ತಿ, ಅದು ವಿಜ್ಞಾನದ ಸ್ವಭಾವ. ಆದರೆ ಯಾಕೆ ಸೋತರು ಎಂಬುದು ಗೊತ್ತಾಗಬೇಕು.

ಅದಕ್ಕೆ ಮೊದಲ ಹೆಜ್ಜೆ ತೀರಾ ಸಣ್ಣದು. 2017ರಿಂದ ಎಲಿವೇಟ್ ಅನುದಾನ ಪಡೆದ ಜೀವವಿಜ್ಞಾನ ಕಂಪನಿಗಳ ಪಟ್ಟಿಯನ್ನು ಸರ್ಕಾರ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಪ್ರತಿ ಹೆಸರಿನ ಎದುರು ಮೂರೇ ವಿಷಯ ಇರಲಿ: ಎಷ್ಟು ಹಣ ಸಿಕ್ಕಿತು, ಈಗ ಎಲ್ಲಿದೆ, ನಿಂತಿದ್ದರೆ ಯಾವ ಹಂತದಲ್ಲಿ ನಿಂತಿತು. ಮುಚ್ಚಿದ್ದರೆ ಮುಚ್ಚಿದೆ ಎಂದೇ ಬರೆಯಲಿ. ಲ್ಯಾಬ್ ಸಿಗದೆ ನಿಂತವರೆಷ್ಟು, ಪೈಲಟ್ ಪ್ಲಾಂಟ್ ಇಲ್ಲದೆ ನಿಂತವರೆಷ್ಟು, ಲೈಸೆನ್ಸಿಗೆ ಕಾದು ನಿಂತವರೆಷ್ಟು, ಕೊಳ್ಳುವವರಿಲ್ಲದೆ ನಿಂತವರೆಷ್ಟು ಎಂಬುದು ಆಗ ಕಣ್ಣಿಗೆ ಕಾಣುತ್ತದೆ. 2029ರ ನಂತರದ ನೀತಿ ಬರೆಯುವವರು ಆ ಪಟ್ಟಿ ಮುಂದಿಟ್ಟುಕೊಂಡು ಕೂರಬಹುದು.